ಎಡಮಗ್ಗುಲು

ಇಪ್ಪತ್ತೆಂಟನೇ ವಾರದ ಸೋಮವಾರ
ಮೂರನೇ ಸುತ್ತಿಗೆ ಸೀಟಿ ಊದೂ ಹೊತ್ತಿನಾಗ
ಸಲ್ವಾರಕ್ಕ ಒಂದು ಹನಿ ಕೆಂಪು,
ಬೀದರಿನ ಮೈದಾನದ ಮಣ್ಣಿನಷ್ಟೇ ಕೆಂಪು.
ನೋವಿಲ್ಲ. ಅದಕ್ಕೇ ಹೆದರಿಕಿ.
ಎರಡು ಸುತ್ತು ಹುಡಿಗೇರ ಹಿಂದ ನಾನೂ ಮೆಲ್ಲಕ ಓಡಿದ್ದೆ.
ಪಿ.ಟಿ. ಟೀಚರ್ ಕುರ್ಚಿ ಮ್ಯಾಲ ಕುಂತು
'ಓಡ್ರಿ' ಅಂದ್ರ ಯಾರು ಓಡ್ತಾರ?

ಡಾಕ್ಟರ್ ತಸ್ನೀಮ್ ಸ್ಕ್ಯಾನಿನ ಪರದೆ ನನ್ನ ಕಡೆ ತಿರುವಿದರು.
"ಕೂಸು ಚಂದ ಅದ. ಮಾಸು ಮಾತ್ರ ಕೆಳಗಿಳದು
ಬಾಗಿಲಿಗೇ ಅಡ್ಡ ಕುಂತದ."
ಬೂದಿಬಣ್ಣದ ಆ ಮೋಡದಾಗ ನಂಗ ಕಂಡದ್ದು
ನಮ್ಮ ಕಿಲ್ಲೇದ ಶರ್ಜಾ ದರವಾಜಾ:
ಗ್ವಾಡ್ಯಾಗಿನ ಹುಲಿ ಇಳಿದು ಬಂದು
ಹೊಸ್ತಿಲಕ್ಕ ಅಡ್ಡ ಮಲಗಿದ್ಹಂಗ.

"ಬ್ಯಾರೆಯವರಿಗೆ ನಾನೇ ಹೇಳ್ತೀನಿ,
ನಡೀರಿ, ಕೈಕಾಲು ಆಡಸ್ರಿ, ಬಸುರು ಅಂದ್ರ ಬ್ಯಾನಿ ಅಲ್ಲ ಅಂತ.
ನಿಮಗ ಹೇಳೂದಿಲ್ಲ.
ಮನಿಯಾಗ ತಿರುಗಾಡ್ರಿ, ಅಷ್ಟ ಸಾಕು.
ಓಟ ಇಲ್ಲ, ಜಿಗಿತ ಇಲ್ಲ, ಭಾರ ಇಲ್ಲ.
ಮತ್ತ ರಕ್ತ ಕಂಡ್ರ, ನೀರು ಒಸರಿದ್ರ
ಬೆಳಕು ಹರೀಲಿ ಅಂತ ಕಾಯಬ್ಯಾಡ್ರಿ."
"ಬರೇ ಸೂರ್ಯನಮಸ್ಕಾರ, ಮೇಡಂ? ನಾಕೇ ನಾಕು?"
ಅವರು ಪೆನ್ನು ಕೆಳಗಿಟ್ಟರು.
"ರಿಯಾಯತಿ ನನ್ನ ಹತ್ರ ಕೇಳ್ಲತ್ತೀರೇನು?
ಅದು ನನ್ನ ಕೈಯಾಗಿಲ್ಲ."

ಇಲ್ಲೀತನ ಈ ಮೈ ನಾ ಹೇಳಿದ್ದು ಕೇಳಿತ್ತು.
ಎಂಟುನೂರು ಮೀಟರಿನ ಕಡೀ ತಿರುವಿನಾಗ
ಪುಪ್ಪಸ ಹರಿದ್ರೂ 'ಇನ್ನ ಹತ್ತು ಹೆಜ್ಜಿ' ಅಂದ್ರ
ಇಪ್ಪತ್ತು ಹಾಕತಿತ್ತು.
ಅದನ್ನೇ ಕಲಿಸಿದೆ ಹುಡಿಗೇರಿಗೆ.
ಹೋದ ವರ್ಷ ಅಂಜುಮ್ ತಲಿ ತಿರುಗಿ ಕುಂತಾಗ
'ನಾಟಕ ಮಾಡಬ್ಯಾಡ, ಏಳು' ಅಂದಿದ್ದೆ.
ಎದ್ದು ಓಡಿತ್ತು ಪಾಪ, ತುಟಿ ಬೆಳ್ಳಗ ಮಾಡಿಕೊಂಡು.
ಅದು ಈಗ ನೆನಪಾಗತದ,
ಮಧ್ಯಾಹ್ನ ಮೂರಕ್ಕ, ಎದಕ್ಕೂ ಸಂಬಂಧ ಇಲ್ಲದ.

ಅತ್ತಿ ಮಾಣಿಕಮ್ಮ ಮೊದಲಿಗೆ ನಕ್ಕಳು.
"ಒಂಬತ್ತರಾಗೂ ಎರಡೆರಡು ಕೊಡ ಹೊತ್ತೀನಿ,
ತೊಗರಿ ಬಡದೀನಿ. ನಿನ್ನದೇನವ್ವ ನವಾಬರ ಬಸುರು!"
ಅವತ್ತೇ ರಾತ್ರಿ ಬಾಲ್ದಿ ಎತ್ತಾಕ ಬಗ್ಗಿದ್ದೆ.
ಕತ್ತಲಿನಾಗಿಂದ ಒಂದು ಕೈ ಬಂದು ಹಿಡಿಕಿ ಹಿಡೀತು.
"ಬಿಡು."
ಇಬ್ಬರ ಕೈಯಾಗೂ ನೀರು ತುಸು ಹೊತ್ತು ಅಲುಗಿತು.
"ವೈಜಿನಾಥಗ ಮೊದಲು ಒಬ್ಬಾಕಿ ಇದ್ಲು.
ಬಾವಿ ಮೆಟ್ಟಲ ಮ್ಯಾಲ ಸುರು ಆತು. ಹಿಂಗೇ, ನೋವಿಲ್ಲದ.
ಎರಡು ದಿನ ಯಾರಿಗೂ ಹೇಳಲಿಲ್ಲ,
ರಾಶಿ ಮುಗೀಲಿ ಅಂತ."
ಬಾಲ್ದಿ ತಗೊಂಡು ಒಳಗ ಹೋದಳು.
ಮತ್ತ ಆ ಮಾತು ಆಕಿ ತೆಗೀಲಿಲ್ಲ, ನಾ ಕೆದಕಲಿಲ್ಲ.
ಮುಂಜಾನಿ ನೋಡಿದ್ರ ಮನಿಯಾಗಿನ ಕೊಡ ಎಲ್ಲಾ
ನನ್ನ ಕೈಗೆ ಸಿಗದಂಗ ಅಟ್ಟದ ಮ್ಯಾಲ.

ಈಗ ಊಟ ಆದಮ್ಯಾಲ ಎಡಮಗ್ಗುಲಿಗೆ ಹೊರಳಿ
ಸ್ಟಾಪ್‌ವಾಚ್ ಒತ್ತತೀನಿ.
ಹತ್ತು ಒದೆತಕ್ಕ ಇಪ್ಪತ್ತೊಂದು ನಿಮಿಷ.
ನಿನ್ನೆ ಹತ್ತೊಂಬತ್ತು.
'ಹಿಂದ ಬಿದ್ದಿ' ಅನ್ನಾಕ ಬಾಯಿಗೆ ಬಂದದ್ದು
ನುಂಗಿಕೊಂಡು ನೋಟುಬುಕ್ಕಿನಾಗ ಬರೀತೀನಿ,
ಬರೇ ಅಂಕಿ.
ಮ್ಯಾಲ ಏರ್‌ಫೋರ್ಸಿನ ಕಲಿಕೆ ವಿಮಾನ
ಸುತ್ತಿದ್ದೇ ಸುತ್ತ ಸುತ್ತತದ, ಇಳಿಯಾಕ ಕಲೀಲತ್ತದ.
ಹನ್ನೊಂದನೇ ಒದೆತ, ಆ ಸಪ್ಪಳಕ್ಕೋ ಏನೋ.

ಸಂಜಿಗೆ ಹುಡಿಗೇರ ಫೋನು:
"ಟೀಚರ್, ರಿಲೇದಾಗ ಬ್ಯಾಟನ್ ಬಿತ್ತು, ಸೋತೀವಿ."
ಬೈಗುಳ ಒಂದೂ ನೆನಪಾಗಲಿಲ್ಲ.
"ಅಂಜುಮ್ ಅದಾಳೇನು? ಆಕಿಗೆ ಕೊಡು."
ಆಕಿ 'ಹಲೋ' ಅಂದಳು. ಏನು ಹೇಳಬೇಕೋ
ತಿಳೀಲಿಲ್ಲ. "ನೀರು ಕುಡದೇನು?" ಅಂದೆ.

ಗೂಟಕ್ಕ ನನ್ನ ಸೀಟಿ ನೇತಾಡತದ.
ಫ್ಯಾನಿನ ಗಾಳಿಗೆ ಒಳಗಿನ ಸಣ್ಣ ಗೋಲಿ
ಒಮ್ಮೊಮ್ಮೆ ಅಲುಗತದ,
ಊದವರಿಲ್ಲದ.